ಎರಡೆಕರೆ ಪಡದ ಕಾವಲು

ವಿಜಯಪುರ ಜಿಲ್ಲೆಯಲ್ಲಿ ದ್ರಾಕ್ಷಿ ತೋಟಕ್ಕೆ ‘ಪಡ’ ಎನ್ನುತ್ತಾರೆ, ಬಳ್ಳಿ ಸವರುವುದಕ್ಕೆ ‘ಚಾಟ್ನಿ’. ಯುರೋಪಿನಲ್ಲಿ ಚಳಿಗಾಲ ಬಂತೆಂದರೆ ದ್ರಾಕ್ಷಿ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ಈ ಬಿಸಿಲುನಾಡಿನಲ್ಲಿ ಅದಕ್ಕೆ ಅಂಥ ನಿದ್ದೆಯೇ ಇಲ್ಲ. ಹಾಗಾಗಿ ವರ್ಷಕ್ಕೆ ಎರಡು ಸಲ ಕತ್ತರಿ: ಏಪ್ರಿಲ್ ಚಾಟ್ನಿ ಕಡ್ಡಿ ಬೆಳೆಸಲು, ಅಕ್ಟೋಬರ್ ಚಾಟ್ನಿ ಹಣ್ಣಿಗೆ. ಜನವರಿಯಲ್ಲಿ ತೂಗುವ ಗೊಂಚಲು ಹಿಂದಿನ ಬೇಸಿಗೆಯಲ್ಲೇ ಕಡ್ಡಿಯ ಕಣ್ಣಿನೊಳಗೆ ರೂಪುಗೊಂಡಿರುತ್ತದೆ ಎಂಬುದು ವಿದ್ಯಾರ್ಥಿಗಳಿಗೆ ಅಚ್ಚರಿ ತರಬಹುದು.

ಎರಡೆಕರೆ ಪಡವನ್ನೇ ನಂಬಿದ ಕುಟುಂಬಕ್ಕೆ ನಿಜವಾದ ಪರೀಕ್ಷೆ ಅಕ್ಟೋಬರ್ ಚಾಟ್ನಿಯ ನಂತರ. ಎಳೆ ಚಿಗುರು ಹೊರಟಿರುತ್ತದೆ, ಹಿಂಗಾರಿನ ಮೋಡ ಕವಿದಿರುತ್ತದೆ. ಎಲೆಯ ಮೇಲೆ ತೇವ ನಿಂತರೆ ಸಾಕು, ಎಣ್ಣೆ ಚೆಲ್ಲಿದಂಥ ಚುಕ್ಕೆ ಮೂಡಿ, ಕೆಳಗೆ ಬಿಳಿ ಬೂಜು ಹರಡುತ್ತದೆ. ಹೂಗೊಂಚಲಿಗೆ ತಗುಲಿದರೆ ಆ ವರ್ಷದ ಫಸಲು ಹೋದಂತೆಯೇ. ಸಾಲ ಹೊತ್ತ ಮನೆಯವರು ಹೆದರಿ ದಿನ ಲೆಕ್ಕ ಹಾಕಿ ಔಷಧಿ ಹೊಡೆದರೆ ಅವರನ್ನು ದೂರುವುದು ಸುಲಭ. ಆ ಜಾಗದಲ್ಲಿ ನಿಲ್ಲುವುದು ಕಷ್ಟ.

ಆದರೆ ಅತಿಯಾದ ಔಷಧಿ ಹಣ್ಣಿನಲ್ಲೇ ಉಳಿಯುತ್ತದೆ. 2003ರಲ್ಲಿ ಭಾರತದ ದ್ರಾಕ್ಷಿಯಲ್ಲಿ ಮೆಥೊಮಿಲ್ ಎಂಬ ಕೀಟನಾಶಕದ ಶೇಷ ಕಂಡುಬಂದು ಯುರೋಪಿನಲ್ಲಿ ಅಡ್ಡಿಯಾಯಿತು. 2010ರಲ್ಲಿ ಮತ್ತೆ ಪೆಟ್ಟು ಬಿತ್ತು. ಆ ಸಲ ಸಿಕ್ಕಿದ್ದು ಕೀಟನಾಶಕವಲ್ಲ, ಬಳ್ಳಿಯ ಬೆಳವಣಿಗೆ ತಗ್ಗಿಸುವ ಕ್ಲೋರ್‌ಮೆಕ್ವಾಟ್ ಕ್ಲೋರೈಡ್.

ಹಾಗಾದರೆ ದಾರಿ? ಬೂಜಿಗೆ ಹಳೆಯ ಮದ್ದೊಂದು ಇದೆ. ಫ್ರಾನ್ಸಿನ ಮೆಡಾಕ್ ಪ್ರದೇಶದಲ್ಲಿ ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಬೆರೆಸಿ ಎರಚುತ್ತಿದ್ದರು. ಆ ಸಾಲುಗಳಿಗೆ ಮಾತ್ರ ರೋಗ ತಗುಲದಿದ್ದುದನ್ನು ಗಮನಿಸಿದವರು ವಿಜ್ಞಾನಿ ಮಿಲಾರ್ಡೆ. 1885ರ ಹೊತ್ತಿಗೆ ಅದು ‘ಬೋರ್ಡೋ ದ್ರಾವಣ’ವಾಯಿತು. ಮಲೆನಾಡಿನ ಅಡಿಕೆ ಬೆಳೆಗಾರರು ಕೊಳೆರೋಗಕ್ಕೆ ಹೊಡೆಯುವುದೂ ಇದನ್ನೇ. ಶೇ. 1ರ ದ್ರಾವಣಕ್ಕೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ, 100 ಲೀಟರ್ ನೀರು. ಹೊಳೆಯುವ ಕಬ್ಬಿಣದ ಚಾಕು ಅದ್ದಿ ನೋಡಬೇಕು; ಕೆಂಪು ಲೇಪ ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಆದರೆ ಇದೂ ನಿರಪಾಯಕಾರಿಯಲ್ಲ. ತಾಮ್ರ ಕರಗಿ ಹೋಗುವ ವಸ್ತುವಲ್ಲ, ಮಣ್ಣಿನಲ್ಲಿ ವರ್ಷವರ್ಷ ಸೇರುತ್ತ ಹೋಗುತ್ತದೆ. ಅದಕ್ಕೇ ಎಲೆ ದಟ್ಟವಾಗದಂತೆ ಚಿಗುರು ತೆಗೆದು ಗಾಳಿ, ಬೆಳಕು ಆಡಲು ಬಿಡುವುದು ಮೊದಲ ಮದ್ದು.

ಹಿಟ್ಟುತಿಗಣೆಯದು ಇನ್ನೊಂದು ಕಥೆ. ಕಾಂಡದ ಸಡಿಲ ತೊಗಟೆಯಡಿ ಅಡಗುವ ಈ ಕೀಟಕ್ಕೆ ಸಿಂಪಡಿಸಿದ ಔಷಧಿ ಸುಲಭಕ್ಕೆ ತಲುಪದು. ಇರುವೆಗಳು ಅದರ ಸಿಹಿ ಸ್ರಾವದ ಆಸೆಗೆ ದನಗಾಹಿಗಳಂತೆ ಕಾಯುತ್ತವೆ ಬೇರೆ! ತೊಗಟೆ ಸುಲಿದು, ಇರುವೆ ಏರದಂತೆ ತಡೆಯುವುದು ಕೈಕೆಲಸ. ಮನೆಮಂದಿ ಕೂತು ಮಾಡಬಹುದಾದದ್ದು. ಉಳಿದ ಕೆಲಸ ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳುವಿನದು. ಆಸ್ಟ್ರೇಲಿಯಾ ಮೂಲದ ಇದು 1898ರಲ್ಲೇ ಭಾರತಕ್ಕೆ ಬಂದಿತ್ತು. ತಮಾಷೆ ಎಂದರೆ ಇದರ ಮರಿಹುಳುವೂ ಬಿಳಿ ಮೇಣ ಹೊದ್ದು ಹಿಟ್ಟುತಿಗಣೆಯಂತೆಯೇ ಕಾಣುತ್ತದೆ! ಗುರುತು ಹಿಡಿಯದವರು ಮಿತ್ರನನ್ನೇ ಹೊಸಕಿಹಾಕುತ್ತಾರೆ. ಸಣ್ಣ ಪಡದ ದೊಡ್ಡ ಅನುಕೂಲ ಇಲ್ಲಿದೆ: ಸಾಲುಸಾಲಿಗೂ ನಡೆದು, ಎಲೆ ತಿರುವಿ ನೋಡಲು ಮನೆಯವರಿಗೆ ಸಾಧ್ಯ. ಬಳ್ಳಿ ನೋಡಿ ಮದ್ದು ಕೊಟ್ಟರೆ ಎಷ್ಟೋ ಸಿಂಪಡಣೆ ತಪ್ಪುತ್ತದೆ.

ನೀರಿನ ಮಾತು ಬೇರೆ ಹೇಳಬೇಕಿಲ್ಲ. ಬರದ ವರ್ಷಗಳಲ್ಲಿ ಟ್ಯಾಂಕರ್ ನೀರು ಕೊಂಡು ಬಳ್ಳಿ ಉಳಿಸಿಕೊಂಡ ನಾಡಿದು. ಉಪ್ಪುನೀರು, ಬರ ಎರಡನ್ನೂ ತಾಳುವ ‘ಡಾಗ್‌ರಿಡ್ಜ್’ ಬೇರಿನ ಮೇಲೆ ಕಸಿ, ಹನಿ ನೀರಾವರಿ, ಬುಡಕ್ಕೆ ಕಬ್ಬಿನ ರವದಿಯ ಹೊದಿಕೆ: ಇವು ಎಲ್ಲರೂ ಬಲ್ಲ ಉಪಾಯಗಳು.

ಹಣ್ಣಿನ ದೊಡ್ಡ ಪಾಲು ಶೆಡ್ ಸೇರಿ ಮಣೂಕವಾಗುತ್ತದೆ. ಸುಮಾರು ನಾಲ್ಕು ಕಿಲೊ ಹಣ್ಣಿಗೆ ಒಂದು ಕಿಲೊ ಒಣದ್ರಾಕ್ಷಿ. ಸಾಂಗ್ಲಿ, ತಾಸಗಾಂವ್ ಮಾರುಕಟ್ಟೆಗೆ ಒಯ್ದಾಗ ವ್ಯಾಪಾರಿ ಮೊದಲು ನೋಡುವುದು ಬಣ್ಣ. ಹಸಿರು, ಹಳದಿ ಮಣೂಕಕ್ಕೆ ಹೆಚ್ಚು ಬೆಲೆ. ಗಂಧಕದ ಹೊಗೆ ಕೊಡುವುದು ಆ ಬಣ್ಣಕ್ಕಾಗಿಯೇ. ಹೊಗೆ ಕಾಣದ ಕಂದು ಮಣೂಕ ಅಗ್ಗಕ್ಕೆ ಹೋಗುತ್ತದೆ. ಹಬ್ಬದ ಪಾಯಸಕ್ಕೆ ದ್ರಾಕ್ಷಿ ಕೊಳ್ಳುವ ಗೃಹಿಣಿಯೂ ಕೈ ಹಾಕುವುದು ಹೊಳೆಯುವ ರಾಶಿಗೇ.