ಗುಡುಗುವ ಗಿಟಾರಿನೊಳಗೆ ನಮ್ಮ ಕೀರವಾಣಿ!

ಹೊನ್ನಾಳಿ ಬಸ್ ಸ್ಟ್ಯಾಂಡಿನಲ್ಲಿ ಈ ಸಂಚಿಕೆ ಕೊಂಡು, ಚನ್ನಗಿರಿ ಬಸ್ಸಿನ ಕಿಟಕಿ ಹಿಡಿದು ಕೂತಿರುವ ಗೆಳೆಯರೇ, ಈ ವಾರ ತಾರೆಯರ ಸುದ್ದಿ ಸ್ವಲ್ಪ ಪಕ್ಕಕ್ಕಿರಲಿ. ಒಂದು ಧ್ವನಿಮುದ್ರಿಕೆಯ ಕತೆ ಹೇಳ್ತೀನಿ. ಇದರಲ್ಲಿ ಹೀರೋ ಇಲ್ಲ, ಹೀರೋಯಿನ್ ಮೊದಲೇ ಇಲ್ಲ. ಇರೋದು ಗಿಟಾರು... ಅದೂ ಗುಡುಗುವ ಗಿಟಾರು!

ಬೆಂಗಳೂರಿನ ‘ಕ್ರಿಪ್ಟೋಸ್’ ತಂಡ ಹುಟ್ಟಿದ್ದು 1998ರಲ್ಲಿ. ಗಿಟಾರಿನ ನೋಲನ್ ಲೂಯಿಸ್, ಬೇಸ್ ಗಿಟಾರಿನ ಗಣೇಶ್ ಕೃಷ್ಣಸ್ವಾಮಿ ಆರಂಭದ ಜೋಡಿ. ಚೊಚ್ಚಲ ಆಲ್ಬಂ ‘ಸ್ಪೈರಲ್ ಅಸೆಂಟ್’ ಬಂದಿದ್ದು 2004ರಲ್ಲಿ. ನಾವೆಲ್ಲ ‘ಆಪ್ತಮಿತ್ರ’ನ ಟಿಕೆಟ್ಟಿಗೆ ನೂಕಾಡುತ್ತಿದ್ದ ವರ್ಷ!

ಇವರ ಸಂಗೀತಕ್ಕೆ ಥ್ರಾಶ್ ಮೆಟಲ್ಲಿನ ಓಟ, ಹಳೇ ಹೆವಿ ಮೆಟಲ್ಲಿನ ಮೈಕಟ್ಟು. ಥ್ರಾಶ್ ಅಂದರೆ ಬರೀ ಕಿರುಚಾಟ ಅಂದುಕೊಳ್ಳಬೇಡಿ. ಬಲಗೈ ಅಂಚನ್ನು ತಂತಿಗೆ ಒತ್ತಿ, ನಾದ ಹರಡದ ಹಾಗೆ ಅದುಮಿಕೊಂಡೇ ಮಿಂಚಿನ ವೇಗದಲ್ಲಿ ಮೀಟಬೇಕು. ಹಿಂದೆ ಡ್ರಮ್ಮಿನವನ ಎರಡೂ ಕಾಲಿಗೆ ಪುರುಸೊತ್ತಿಲ್ಲ. ಡೊಳ್ಳಿನವರು ಹುರುಪೇರಿದಾಗ ಎದೆ ನಡುಗುತ್ತಲ್ಲ, ಹಾಗೆ.

ನ್ಯಾಮತಿ ಕಡೆಯ ಆರ್ಕೆಸ್ಟ್ರಾದಲ್ಲಿ ಗಿಟಾರ್ ಹಿಡಿಯುವ ಹುಡುಗನೊಬ್ಬನಿಗೆ ಇದನ್ನು ಕೇಳಿಸಿದೆ. ‘ಏನ್ ಸಾರ್ ಇದು, ಬೋರ್‌ವೆಲ್ ಲಾರಿ ಸೌಂಡು!’ ಅಂದ. (ಜಗಳೂರಿನವರಿಗೆ ಆ ಸೌಂಡಿನ ಬಗ್ಗೆ ನಾನು ವಿವರಿಸಬೇಕಾಗಿಲ್ಲ.) ಸರಿ ಕಣಯ್ಯ ಅಂತ, ಸ್ವೀಡನ್ನಿನ ಇಂಗ್ವೀ ಮಾಮ್‌ಸ್ಟೀನ್‌ನ 1984ರ ‘ರೈಸಿಂಗ್ ಫೋರ್ಸ್’ ಹಾಕಿದೆ. ಹುಡುಗ ಗಪ್‌ಚುಪ್! ಆಮೇಲೆ ಮೆಲ್ಲಗೆ, ‘ಸಾರ್, ಇದು ನಮ್ಮ ಕಡೆ ರಾಗದ ಹಾಗಿದೆ’ ಅಂದ.

ಭಲೇ! ಗುಟ್ಟು ಇರೋದೇ ಅಲ್ಲಿ. ಬಾಖ್, ಪಗನಿನಿ ಅವರ ಪಿಟೀಲು-ಕೀಬೋರ್ಡಿನ ಧಾಟಿಯನ್ನು ಎಲೆಕ್ಟ್ರಿಕ್ ಗಿಟಾರಿಗೆ ಇಳಿಸುವುದೇ ನಿಯೋಕ್ಲಾಸಿಕಲ್ ಶೈಲಿ. ಅವರ ನೆಚ್ಚಿನ ಸ್ವರಮಾಲೆ ‘ಹಾರ್ಮೋನಿಕ್ ಮೈನರ್’. ಆ ಸ್ವರಗಳನ್ನು ಸರಿಯಾಗಿ ಎಣಿಸಿದರೆ ಸಿಗುವುದು ನಮ್ಮ 21ನೇ ಮೇಳಕರ್ತ, ಕೀರವಾಣಿ! (ಆಸ್ಕರ್ ತಂದ ಸಂಗೀತ ನಿರ್ದೇಶಕರಲ್ಲ, ರಾಗ.) ಅದೇ ಸ್ವರಗಳಲ್ಲಿ ಪಂಚಮವನ್ನು ಷಡ್ಜ ಮಾಡಿಕೊಂಡರೆ ವಕುಳಾಭರಣ. ಆ ಗಿಟಾರಿಗರಿಗೆ ಅದೂ ಪ್ರಾಣ. ಗಮಕ ಮಾತ್ರ ನಮ್ಮದಲ್ಲ, ಅದನ್ನು ಒಪ್ಪಿಕೊಳ್ಳೋಣ. ‘ಗೀತಾ’ ಚಿತ್ರಕ್ಕೆ 1981ರಲ್ಲಿ ಸಂಗೀತ ಕೊಟ್ಟ ಇಳಯರಾಜ 1986ರಲ್ಲಿ ‘ಹೌ ಟು ನೇಮ್ ಇಟ್’ನಲ್ಲಿ ತ್ಯಾಗರಾಜರನ್ನೂ ಬಾಖ್‌ನನ್ನೂ ಒಂದೇ ಚಾಪೆಯ ಮೇಲೆ ಕೂರಿಸಿದ್ದು ಸುಮ್ಮನೆ ಅಲ್ಲ.

ಥ್ರಾಶ್ ಮತ್ತು ಈ ಶಾಸ್ತ್ರೀಯ ಬೆರಳಾಟ ಕೈ ಹಿಡಿದದ್ದನ್ನು ನೋಡಬೇಕಾದರೆ ಕೆನಡಾದ ‘ಅನೈಹಿಲೇಟರ್’ ತಂಡದ ಚೊಚ್ಚಲ ಆಲ್ಬಂ ‘ಆಲಿಸ್ ಇನ್ ಹೆಲ್’ (1989) ಕೇಳಿ. ಗುಡುಗಿಗೆ ಮೊದಲು ‘ಕ್ರಿಸ್ಟಲ್ ಆನ್’ ಅನ್ನುವ ಪುಟ್ಟ ಗಿಟಾರ್ ತುಣುಕು, ವಿದ್ಯುತ್ತಿನ ಸೋಂಕೇ ಇಲ್ಲ! ಜೆಫ್ ವಾಟರ್ಸ್ ಎಂಬ ಮಹಾರಾಯ ಗಿಟಾರಿನ ಜೊತೆ ಬೇಸನ್ನೂ ತಾನೇ ನುಡಿಸಿದ. ಕ್ರಿಪ್ಟೋಸ್ ಪೂರಾ ಆ ದಾರಿಯವರಲ್ಲ. ಎರಡು ಗಿಟಾರು ಜೋಡಿ ಎತ್ತಿನ ಹಾಗೆ ಹೆಜ್ಜೆ ಹಾಕುವ, ಐರನ್ ಮೇಡನ್ ಮಾದರಿಯ ಚಂದ ಇವರದು. ನನಗೆ ಅದೇ ಹೆಚ್ಚು ಇಷ್ಟ. ಬರೀ ವೇಗ ಹತ್ತು ನಿಮಿಷಕ್ಕೆ ಸಾಕಾಗುತ್ತೆ.

ಅವರು 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದ ವೇದಿಕೆ ಹತ್ತಿದರು. 2016ರ ‘ಬರ್ನ್ ಅಪ್ ದಿ ನೈಟ್’ ಹೊರತಂದದ್ದು ಜರ್ಮನಿಯ ಎ.ಎಫ್.ಎಂ. ಕಂಪೆನಿ. ಆದರೆ ಹಾಡೆಲ್ಲ ಇಂಗ್ಲಿಷು. ನನ್ನ ತಕರಾರು ಅದೊಂದೇ!

ನ್ಯಾಮತಿ ಹುಡುಗನ ತಕರಾರು ಬೇರೆ. ಆರ್ಕೆಸ್ಟ್ರಾದಲ್ಲಿ ಈಗ ಕೀಬೋರ್ಡಿನವನೇ ಗಿಟಾರ್ ಸದ್ದನ್ನೂ ಒತ್ತಿಬಿಡ್ತಾನೆ, ಇವನು ಸುಮ್ಮನೆ ನಿಂತಿರಬೇಕು. ‘ಮಾರಿ ಅಡಿಕೆ ಮಂಡಿಗೆ ಸೇರ್ಕೋ’ ಅಂತ ಅಪ್ಪ. ‘ನನ್ನ ಕೈಲಾಗುತ್ತಾ ಸಾರ್?’ ಅಂದ. ನಾನೇನು ಭರವಸೆ ಕೊಡಲಿಲ್ಲ. ದಿನಾ ಅರ್ಧ ಗಂಟೆ ಕೀರವಾಣಿಯ ಆರೋಹಣ-ಅವರೋಹಣ, ಮೊದಲು ಚೌಕ ಕಾಲದಲ್ಲಿ, ಒಂದು ಮೀಟು ಕೆಳಕ್ಕೆ, ಒಂದು ಮೇಲಕ್ಕೆ ನುಡಿಸು ಅಂದೆ. ಗಿಟಾರ್ ಮಾರುವ ಮಾತು ದೀಪಾವಳಿವರೆಗೆ ಮುಂದಕ್ಕೆ ಹೋಗಿದೆಯಂತೆ.