ಅದಿರಿನ ಚೂರಿನಿಂದ ಹುಟ್ಟಿದ ಗಣಿತ

ಪ್ಯಾರಿಸ್‌ನ ದಕ್ಷಿಣಕ್ಕೆ ಫೊಂಟೆನ್‌ಬ್ಲೋ ಎಂಬ ಊರಿದೆ. ಅರಮನೆಗೂ ಕಾಡಿಗೂ ಹೆಸರಾದ ಈ ಊರಿನಲ್ಲಿ 1968ರಲ್ಲಿ, ಆಕಾರಗಳನ್ನು ಗಣಿತದಿಂದ ಅಳೆಯುವ 'ಗಣಿತೀಯ ರೂಪವಿಜ್ಞಾನ'ಕ್ಕೆಂದೇ ಒಂದು ಸಂಶೋಧನಾ ಕೇಂದ್ರ ಶುರುವಾಯಿತು. ವಿಚಿತ್ರವೆಂದರೆ, ಅದನ್ನು ತೆರೆದದ್ದು ಗಣಿ ಎಂಜಿನಿಯರಿಂಗ್ ಕಲಿಸುವ ಎಕೋಲ್ ದೆ ಮೀನ್.

ಇದಕ್ಕೆಲ್ಲ ಮೂಲ ಕಬ್ಬಿಣ. 1964ರ ಹೊತ್ತಿಗೆ ಜಾರ್ಜ್ ಮತೆರೋನ್ ಅವರ ಮಾರ್ಗದರ್ಶನದಲ್ಲಿ ಝಾಂ ಸೆರಾ ಪಿಎಚ್.ಡಿ.ಗೆ ತೊಡಗಿದ್ದರು. ಲೊರೇನ್ ಪ್ರಾಂತದ ಅದಿರು ಅರೆಯುವಾಗ ಹೇಗೆ ಒಡೆಯುತ್ತದೆ ಎಂಬುದನ್ನು ಅದರ ಒಳರಚನೆ ನೋಡಿಯೇ ಹೇಳಲು ಸಾಧ್ಯವೇ ಎಂಬುದು ಪ್ರಶ್ನೆ. ಸೂಕ್ಷ್ಮದರ್ಶಕದಲ್ಲಿ ಕಾಣುತ್ತಿದ್ದದ್ದು ಒಂದಕ್ಕೊಂದು ಅಂಟಿಕೊಂಡ, ಅಂಕುಡೊಂಕಾದ ಕಣಗಳು. ಇವುಗಳ ಆಕಾರವನ್ನು ಅಳೆಯುವುದು ಹೇಗೆ?

ಅವರು ಕಂಡುಕೊಂಡ ದಾರಿ ಮಗುವಿಗೂ ಅರ್ಥವಾಗುವಂಥದ್ದು. ಒಂದು ಪುಟ್ಟ ಬಿಲ್ಲೆಯನ್ನು ಚಿತ್ರದ ಮೇಲೆಲ್ಲ ಸರಿಸುತ್ತ ಹೋಗಿ. ಬಿಲ್ಲೆ ಪೂರ್ತಿಯಾಗಿ ಕಣದೊಳಗೆ ಹಿಡಿಸಿದ ಕಡೆ ಮಾತ್ರ ಅದರ ನಡುಬಿಂದುವನ್ನು ಗುರುತು ಹಾಕಿ. ಆಗ ಉಳಿಯುವುದು ಅಂಚು ಸವೆದ ಚಿತ್ರ: ಬಿಲ್ಲೆಗಿಂತ ಸಣ್ಣ ಕಣಗಳು ಮಾಯ, ಎರಡು ಕಣಗಳ ನಡುವಿನ ತೆಳು ಸೇತುವೆ ತುಂಡು. ಇದು 'ಸವೆತ'. ಗುರುತು ಹಾಕಿದ ಪ್ರತಿ ಬಿಂದುವಿನಲ್ಲೂ ಮತ್ತೆ ಬಿಲ್ಲೆಯನ್ನಿಟ್ಟರೆ ದೊಡ್ಡ ಕಣಗಳು ಹೆಚ್ಚುಕಡಿಮೆ ಮೊದಲಿನಂತೆ ಮೈತುಂಬಿಕೊಳ್ಳುತ್ತವೆ, ಸಣ್ಣವು ಮರಳುವುದಿಲ್ಲ. ಬಿಲ್ಲೆಯ ಗಾತ್ರವನ್ನು ಹಿಗ್ಗಿಸುತ್ತ ಹೋದರೆ, ಕಲ್ಲನ್ನು ಪುಡಿಮಾಡದೆಯೇ ಬೇರೆ ಬೇರೆ ಕಣ್ಣಿನ ಜರಡಿಗಳಲ್ಲಿ ಸೋಸಿದಷ್ಟು ಲೆಕ್ಕ ಸಿಗುತ್ತದೆ.

ಮತೆರೋನ್ ಇದಕ್ಕೆ ಗಣಸಿದ್ಧಾಂತದ ಗಟ್ಟಿ ಅಡಿಪಾಯ ಹಾಕಿ, 1975ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಅದು ಸುಲಭಕ್ಕೆ ದಕ್ಕುವ ಓದಲ್ಲ. ವಿಷಯ ಹೆಚ್ಚು ಜನರನ್ನು ತಲುಪಿದ್ದು 1982ರಲ್ಲಿ ಸೆರಾ ಅವರ ಗ್ರಂಥ ಬಂದ ಮೇಲೆ.

ಕೇಂದ್ರದ ಇನ್ನೊಂದು ಕೊಡುಗೆ, 1979ರಲ್ಲಿ ಬ್ಯೂಶೆ ಮತ್ತು ಲಾಂತ್ಯುಜೂಲ್ ಮಂಡಿಸಿದ 'ಜಲವಿಭಾಜಕ' ವಿಧಾನ. ಚಿತ್ರದ ಕಪ್ಪು ಭಾಗವನ್ನು ತಗ್ಗು, ಬಿಳಿ ಭಾಗವನ್ನು ದಿಬ್ಬ ಎಂದುಕೊಳ್ಳಿ. ಪ್ರತಿ ತಗ್ಗಿನ ತಳದಿಂದಲೂ ನೀರು ಏರುತ್ತಿದೆ. ಎರಡು ತಗ್ಗಿನ ನೀರು ಕೂಡುವ ಕಡೆಯಲ್ಲೆಲ್ಲ ಒಡ್ಡು ಕಟ್ಟಿ. ಆ ಒಡ್ಡುಗಳೇ ವಸ್ತುಗಳ ನಡುವಿನ ಗಡಿ. ರಾಶಿಯಲ್ಲಿ ತಾಗಿಕೊಂಡ ಕಾಫಿ ಬೀಜಗಳನ್ನಾಗಲಿ, ರಕ್ತದ ಜೀವಕೋಶಗಳನ್ನಾಗಲಿ ಬಿಡಿಬಿಡಿಯಾಗಿ ಎಣಿಸಲು ಇದು ಸಾಕು.

ಸಾಕು ಎಂದರೂ ಒಂದು ಕಿರಿಕಿರಿ ಇದ್ದೇ ಇದೆ. ಚಿತ್ರದಲ್ಲಿ ಚೂರು ಗದ್ದಲ, ಅಂದರೆ ಬೇಡದ ಚುಕ್ಕೆಗಳು, ಇದ್ದರೂ ಸಾವಿರಾರು ಪುಟ್ಟ ಹೊಂಡಗಳೆದ್ದು, ಒಂದೇ ಬೀಜ ಚಿಂದಿಯಾಗುತ್ತದೆ. ಅದಕ್ಕೇ ನೀರು ಎಲ್ಲೆಲ್ಲಿಂದ ಏರಬೇಕೆಂದು ಮೊದಲೇ ಗುರುತು ಹಾಕಿಕೊಡುವ ರೂಢಿ ಬಂತು. ಈಗ ಎಷ್ಟೋ ಪ್ರಯೋಗಾಲಯಗಳಲ್ಲಿ ಆ ಗುರುತು ಹಾಕುವ ಕೆಲಸ ಕೃತಕ ನರಜಾಲದ್ದು. ಕೋಶಗಳ ನಡುವೆ ಗಡಿ ಎಳೆಯುವುದು ಮಾತ್ರ ಇಂದಿಗೂ ಫೊಂಟೆನ್‌ಬ್ಲೋದ ಒಡ್ಡುಗಳೇ.