ಮಾಳಿಗೆ ಮನೆಯ ಲೆಕ್ಕ

ಮಂತ್ರಾಲಯದಲ್ಲಿ ರಾಘವೇಂದ್ರ ಸ್ವಾಮಿಗಳು 1671ರಲ್ಲಿ ಪ್ರವೇಶಿಸಿದ ಬೃಂದಾವನದ ಕಲ್ಲು ಬಂದದ್ದು ಮಾಧವರಂ ಎಂಬ ಊರಿನಿಂದ ಎಂಬುದು ಭಕ್ತರ ನಂಬಿಕೆ. ಈಗ ಅದೇ ಮಂತ್ರಾಲಯದ ಸುತ್ತ ಯಾತ್ರಿಕರಿಗೆಂದು ಹೊಸ ಕಟ್ಟಡಗಳು ಏಳುತ್ತಿವೆ. ಅವು ಹೇಗಿರಬೇಕು ಎಂದು ಕೇಳಿದರೆ, ಇದೇ ಆದವಾನಿ ಸೀಮೆಯ, ಮಣ್ಣಿನ ಚಾವಣಿಯ ಮಾಳಿಗೆ ಮನೆಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.

ಮೊದಲ ಲೆಕ್ಕ ನೆಲದ್ದು. ಎರೆ ಭೂಮಿ ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ. ಅದರ ಮೇಲಿನ ಗೋಡೆಯೂ ಬಿರಿಯುತ್ತದೆ. ಹಾಗಾಗಿ ಎರೆ ಬೆಳೆಗೆ, ಗಟ್ಟಿಯಾದ ಗರಸು ನೆಲ ಮನೆಗೆ. ನದಿಯಿಂದ ಎಷ್ಟು ಎತ್ತರ ಎಂಬುದನ್ನೂ ನೋಡಬೇಕು. 2009ರ ಅಕ್ಟೋಬರಿನಲ್ಲಿ ತುಂಗಭದ್ರೆ ಮಂತ್ರಾಲಯದ ಮಠದೊಳಕ್ಕೇ ನುಗ್ಗಿದಳು. ಇಲ್ಲಿ ಹೊಸದಾಗಿ ಪಾಯ ಹಾಕುವವರು ಆ ನೀರಿನ ಮಟ್ಟ ಕೇಳಿಕೊಂಡೇ ಹಾಕಬೇಕು.

ನಿಜವಾದ ಜಾಣ್ಮೆ ಇರುವುದು ಮಾಳಿಗೆಯಲ್ಲಿ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಒತ್ತೊತ್ತಾಗಿ ಜಂತಿ. ಜಂತಿಗಳ ಮೇಲೆ ಕಟ್ಟಿಗೆಯ ಸೀಳು, ಇಲ್ಲವೇ ಚಪ್ಪಟೆ ಬಂಡೆ. ಗೆದ್ದಲು ಹತ್ತದಿರಲಿ ಎಂದು ಬೇವಿನ ಸೊಪ್ಪು ಹರಡಿ, ಅದರ ಮೇಲೆ ದಪ್ಪನಾಗಿ ಮಣ್ಣು ತುಂಬಿ ಬಡಿಯುತ್ತಾರೆ. ಕೊನೆಯ ಪದರ ಚೌಳು ಮಣ್ಣಿನದು. ಬೆಳೆಗೆ ಬಾರದ ಈ ಉಪ್ಪು ಮಣ್ಣು ಮಾಳಿಗೆಗೆ ಮಾತ್ರ ಹೇಳಿ ಮಾಡಿಸಿದ್ದು. ನೀರು ಬಿದ್ದೊಡನೆ ಅದರ ನುಣುಪು ಕಣಗಳು ಬಿಡಿಬಿಡಿಯಾಗಿ ಸಣ್ಣ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ಆಮೇಲೆ ನೀರು ಕೆಳಗಿಳಿಯುವುದಿಲ್ಲ. ಹುಲ್ಲೂ ಸುಲಭವಾಗಿ ಬೇರೂರದು. ಮಳೆಗಾಲಕ್ಕೆ ಮೊದಲು ಹೊಸ ಚೌಳು ಹರಡಿದರೆ ಆ ವರ್ಷದ ಚಿಂತೆ ಮುಗಿಯಿತು. ಮಾಳಿಗೆಯ ಇಳಿಜಾರಿನ ಕೊನೆಗೆ ನೀರು ಹೊರಬೀಳಲು ಇಟ್ಟ ದೋಣಿ ಗೋಡೆಯಿಂದ ಹೊರಕ್ಕೆ ಚಾಚಿರಲೇಬೇಕು. ಗೇಣು ಗಿಡ್ಡವಾದರೂ ನೀರು ಗೋಡೆಗಿಳಿದು ಕಲ್ಲಿನ ಸಂದಿನ ಮಣ್ಣನ್ನು ತಿನ್ನುತ್ತದೆ.

ನಲವತ್ತು ಡಿಗ್ರಿ ದಾಟುವ ಬೇಸಿಗೆಯಲ್ಲಿ ಮಾಳಿಗೆಯ ಆ ಮಣ್ಣೇ ಕೊಡೆ. ದಪ್ಪ ಗೋಡೆ, ಚಿಕ್ಕ ಕಿಟಕಿ. ಬೆಳಕು ಬರುವುದು ಮಾಳಿಗೆಯ ಬೆಳಕಿಂಡಿಯಿಂದ. ಬೆಚ್ಚನೆಯ ಗಾಳಿಯೂ ಅಲ್ಲಿಂದಲೇ ಮೇಲೇರಿ ಹೋಗುತ್ತದೆ. ಮಳೆ ಬಂದರೆ ಆ ಕಿಂಡಿಯ ಮೇಲೊಂದು ಬಂಡೆ ಎಳೆದರಾಯಿತು.

ಇನ್ನು ಬೀದಿ. ಬಾಗಿಲ ಎರಡೂ ಬದಿಯ ಕಟ್ಟೆ ಮನೆಯವರದ್ದೂ ಹೌದು, ದಾರಿಹೋಕರದ್ದೂ ಹೌದು. ಪಕ್ಕಪಕ್ಕದ ಮನೆಗಳು ಗೋಡೆಗೆ ಗೋಡೆ ತಾಗಿಸಿ ನಿಂತಿರುವುದರಿಂದ ಬಿಸಿಲಿಗೆ ಒಡ್ಡಿಕೊಳ್ಳುವ ಗೋಡೆ ಕಡಿಮೆ, ಬೀದಿಗೆ ನೆರಳು ಹೆಚ್ಚು.

ಇಂದು ತೊಲೆಗೆ ಮರ ಸಿಗುವುದು ಕಷ್ಟ, ವರ್ಷವರ್ಷ ಚೌಳು ಹೊರುವವರೂ ಕಡಿಮೆ. ಆರ್‌ಸಿಸಿ ಬೇಡವೆನ್ನಲಾಗದು. ಆದರೆ ಕಾಂಕ್ರೀಟಿನ ತಾರಸಿಗೂ ಸುಣ್ಣ ಬಳಿಯಬಹುದು, ಬಿಸಿಗಾಳಿ ಹೋಗಲು ಮೇಲೆ ಕಿಂಡಿ ಬಿಡಬಹುದು. ಕಟ್ಟೆಯನ್ನು ನಿವೇಶನದೊಳಗೇ ಕಟ್ಟಿ ಬೀದಿಗೆ ಬಿಟ್ಟುಕೊಡಬಹುದು, ಮೇಲಂತಸ್ತನ್ನು ಹಿಂದಕ್ಕೆ ಸರಿಸಬಹುದು. ಮುಖಕ್ಕೆ ಕಲ್ಲಿನ ಟೈಲ್ಸ್ ಅಂಟಿಸಿ ಹಳೆಯದರಂತೆ ಕಾಣಿಸುವುದಕ್ಕಿಂತ ಇದಕ್ಕೆ ಖರ್ಚೂ ಕಡಿಮೆ, ಒಳಗೆ ಮಲಗುವವರಿಗೆ ತಂಪೂ ಹೆಚ್ಚು.